52 ಕೋಟಿಯ ಪಚ್ಚಬಾಳೆ

2024ರ ನವೆಂಬರ್ ಕೊನೆಯ ಶನಿವಾರ ಊರಿಗೆ ಹೋಗಿದ್ದೆ. ನಂಜನಗೂಡು ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ ಈಗಲೂ ಒಂದೂವರೆ ಎಕರೆ ಬಾಳೆ ಮಾಡ್ತಾರೆ. ಜಗಲಿ ಮೇಲೆ ಕೂತು, ಹಿಂದಿನ ದಿನ ಆಫೀಸಿನಲ್ಲಿ ಎಲ್ಲರೂ ನೋಡಿ ನಕ್ಕಿದ್ದ ವಿಡಿಯೊ ಒಂದನ್ನು ಅವರಿಗೆ ತೋರಿಸಿದೆ. ಹಾಂಗ್‌ಕಾಂಗಿನ ದೊಡ್ಡ ಹೋಟೆಲೊಂದರಲ್ಲಿ ಕೋಟು ಹಾಕಿದ ಒಬ್ಬ ಯುವಕ ಗೋಡೆಗೆ ಟೇಪಿನಲ್ಲಿ ಅಂಟಿಸಿದ್ದ ಬಾಳೆಹಣ್ಣನ್ನು ಬಿಡಿಸಿಕೊಂಡು, ಸಿಪ್ಪೆ ಸುಲಿದು, ಕ್ಯಾಮೆರಾಗಳ ಮುಂದೆ ತಿಂತಾನೆ. 'ಅಪ್ಪಾ, ಈ ಹಣ್ಣಿಗೆ ಆತ ಕೊಟ್ಟಿದ್ದು 52 ಕೋಟಿ' ಅಂದೆ.

ಅಪ್ಪ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಬೈತಾರೆ ಅಂದುಕೊಂಡಿದ್ದೆ. 'ಇದು ಪಚ್ಚಬಾಳೆ ಅಲ್ವಾ ಮಗ? ಪಚ್ಚಬಾಳೆಗಾ ಅಷ್ಟು ಕೊಟ್ಟಿದ್ದು? ರಸಬಾಳೆ ಆಗಿದ್ರೆ ಹೋಗ್ಲಿ ಅನ್ಬಹುದಿತ್ತು.'

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. 'ಆ ಹಣ್ಣು ಮಾರ್ದೋನಿಗೆ ಎಷ್ಟು ಸಿಕ್ತಂತೆ?' ಅದಕ್ಕೆ ಆಮೇಲೆ ಬರ್ತೀನಿ.

ಹಣ್ಣು ತಿಂದವನ ಹೆಸರು ಜಸ್ಟಿನ್ ಸನ್. 1990ರಲ್ಲಿ ಚೀನಾದಲ್ಲಿ ಹುಟ್ಟಿದವನು, 'ಟ್ರಾನ್' ಅನ್ನೋ ಕ್ರಿಪ್ಟೊ ಜಾಲ ಕಟ್ಟಿದವನು. ನನಗೆ ತಮಾಷೆ ಅನಿಸಿದ ಸಂಗತಿ ಅಂದ್ರೆ ಆತ ಬೀಜಿಂಗಿನ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಇತಿಹಾಸ. ಇತಿಹಾಸ ಓದಿದವನು ಬ್ಲಾಕ್‌ಚೈನ್ ಮಾಡ್ತಾನೆ, ಬಿಇ ಓದಿದ ನಾನು ಇತಿಹಾಸ ಬರೀತೀನಿ. ಯಾರ ಬ್ಯಾಂಕ್ ಬ್ಯಾಲೆನ್ಸ್ ಎಷ್ಟಿದೆ ಅಂತ ಕೇಳಬೇಡಿ.

ಆ ಹಣ್ಣು ಅಸಲಿಗೆ ಒಂದು ಕಲಾಕೃತಿ. ಇಟಲಿಯ ಕಲಾವಿದ ಮೌರಿಜಿಯೊ ಕ್ಯಾಟೆಲಾನ್ 2019ರ ಡಿಸೆಂಬರಿನಲ್ಲಿ ಮಯಾಮಿಯ ಕಲಾಮೇಳದಲ್ಲಿ ಇಟ್ಟದ್ದು, ಹೆಸರು 'ಕಮೀಡಿಯನ್'. ಆಗಲೇ 1,20,000 ಡಾಲರಿಗೆ ಮಾರಾಟವಾಗಿತ್ತು, ಆಗಲೂ ಒಬ್ಬ ಕಲಾವಿದ ಬಂದು ತಿಂದು ಹೋಗಿದ್ದ. 2024ರ ನವೆಂಬರ್ 20ರಂದು ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಅದರ ಒಂದು ಪ್ರತಿ ಬಂತು. 10ರಿಂದ 15 ಲಕ್ಷ ಡಾಲರ್ ಬರಬಹುದು ಅಂತ ಅಂದಾಜಿತ್ತು, ಕೂಗು 52 ಲಕ್ಷಕ್ಕೆ ನಿಂತಿತು. ಹರಾಜು ಮನೆಯ ಕಮಿಷನ್ ಸೇರಿ 62.4 ಲಕ್ಷ ಡಾಲರ್. ಕೊಂಡವನಿಗೆ ಸಿಕ್ಕಿದ್ದು ಒಂದು ಬಾಳೆಹಣ್ಣು, ಒಂದು ಟೇಪಿನ ಸುರುಳಿ, ಒಂದು ಪ್ರಮಾಣಪತ್ರ, ಹೇಗೆ ಅಂಟಿಸಬೇಕು ಅನ್ನೋ ಸೂಚನೆ. ಹಣ್ಣು ಕೊಳೆತರೆ ಬೇರೆ ತಂದು ಅಂಟಿಸಬಹುದು, ಬೆಲೆ ಇರೋದು ಪತ್ರಕ್ಕೆ. ಕ್ರಿಪ್ಟೊದವನಿಗೆ ಇದು ಹೇಗೆ ಇಷ್ಟವಾಯ್ತು ಅಂತ ನಮ್ಮ ಫೀಲ್ಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನವೆಂಬರ್ 29ರಂದು ಪತ್ರಕರ್ತರನ್ನು ಕರೆಸಿ ತಿಂದ. ಬಂದವರಿಗೆಲ್ಲ ಒಂದೊಂದು ಟೇಪು, ಒಂದೊಂದು ಹಣ್ಣು ಕೊಟ್ಟು ಕಳಿಸಿದ.

ಅಪ್ಪ ಹೇಳಿದ ಪಚ್ಚಬಾಳೆ ಮಾತಿನ ಹಿಂದೆಯೂ ಒಂದು ಇತಿಹಾಸ ಇದೆ, ಸ್ವಲ್ಪ ಅಡ್ಡದಾರಿ ಹಿಡೀತೀನಿ. ಅಮೆರಿಕದ ಅಂಗಡಿಗಳಲ್ಲಿ ಸಿಗೋದು ಬಹುತೇಕ ಕ್ಯಾವೆಂಡಿಷ್ ತಳಿ, ನಮ್ಮ ಪಚ್ಚಬಾಳೆಯ ಬಳಗ. ಮೊದಲು ಅಲ್ಲಿ ತಿಂತಿದ್ದದ್ದು ಗ್ರೋ ಮಿಷೆಲ್ ಅನ್ನೋ ತಳಿ. ಪನಾಮಾ ಸೊರಗು ರೋಗ ಮಣ್ಣಿನಿಂದ ಹತ್ತಿ ತೋಟಕ್ಕೆ ತೋಟವನ್ನೇ ನುಂಗಿದ ಮೇಲೆ 1950-60ರ ದಶಕದಲ್ಲಿ ಕಂಪನಿಗಳು ಕ್ಯಾವೆಂಡಿಷಿಗೆ ಬಂದವು. ನಂಜನಗೂಡು ರಸಬಾಳೆಯನ್ನು ಹಾಳು ಮಾಡಿದ್ದೂ ಅದೇ ಸೊರಗು ರೋಗ. ಜಿಐ ಮುದ್ರೆ ಸಿಕ್ಕಿದೆ, ಹೆಸರು ದೊಡ್ಡದಾಗಿದೆ, ಹಣ್ಣು ಹುಡುಕಬೇಕು. ನನ್ನ ತಾತನ ಕಾಲಕ್ಕೆ ನಮ್ಮ ಇಡೀ ತೋಟ ರಸಬಾಳೆ. ಈಗ ಅಪ್ಪ ಏಲಕ್ಕಿ ಹಾಕ್ತಾರೆ, ಮನೆಗೆ ಅಂತ ಬಾವಿ ಹತ್ರ ನಾಲ್ಕು ಬುಡ ರಸಬಾಳೆ ಇಟ್ಟಿದ್ದಾರೆ. ಹಾಗಾಗಿ 52 ಕೋಟಿಯ ಪಚ್ಚಬಾಳೆ ಅವರಿಗೆ ಮೊದಲು ತಳಿಯ ಅವಮಾನವಾಗಿ ಕಂಡಿತು, ದುಡ್ಡಿನ ಅಹಂಕಾರ ಆಮೇಲಿನ ಮಾತು.

ಸನ್‌ಗೆ ಇದು ಮೊದಲನೇ ಖರ್ಚೇನಲ್ಲ. 2019ರ ಜೂನ್‌ನಲ್ಲಿ ವಾರೆನ್ ಬಫೆಟ್ ಜೊತೆ ಒಂದು ಊಟಕ್ಕೆ 45,67,888 ಡಾಲರ್ ಕೂಗಿದ್ದ. ದುಡ್ಡು ಹೋಗಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಗ್ಲೈಡ್ ಅನ್ನೋ ದತ್ತಿ ಸಂಸ್ಥೆಗೆ, ಅದು ಒಳ್ಳೆಯದೇ. ಸುದ್ದಿ ಬಂದ ಕೂಡಲೇ ಟ್ರಾನ್ ಬೆಲೆ ಜಿಗಿಯಿತು. ಜುಲೈನಲ್ಲಿ ಊಟಕ್ಕೆ ಕೆಲವೇ ದಿನ ಇರುವಾಗ ಮೂತ್ರಪಿಂಡದ ಕಲ್ಲಿನ ತೊಂದರೆ ಅಂತ ಮುಂದೂಡಿದ, ಬೆಲೆ ಬಿತ್ತು. ಚೀನಾದ ಪತ್ರಿಕೆಗಳಲ್ಲಿ ನಾನಾ ಸುದ್ದಿ ಬಂದವು. ಅತಿಯಾಗಿ ಪ್ರಚಾರ ಮಾಡಿದೆ ಅಂತ ಆತ ಸಾರ್ವಜನಿಕವಾಗಿ ಕ್ಷಮೆಯನ್ನೂ ಕೇಳಿದ. ಕೊನೆಗೆ 2020ರ ಜನವರಿಯಲ್ಲಿ ಒಮಾಹಾದಲ್ಲಿ ಊಟ ನಡೀತು. ಬಫೆಟ್‌ಗೆ ಒಂದು ಮಡಚುವ ಫೋನು, ಅದರೊಳಗೆ ಒಂದು ಬಿಟ್‌ಕಾಯಿನ್ ಮತ್ತು 19,30,830 ಟ್ರಾನ್ ನಾಣ್ಯ ಉಡುಗೊರೆ ಕೊಟ್ಟ. ಬಫೆಟ್ ಹುಟ್ಟಿದ್ದು 1930ರ ಆಗಸ್ಟ್ 30, ಅದರ ಲೆಕ್ಕ. ಮುಂದಿನ ತಿಂಗಳೇ ಬಫೆಟ್ ಟಿವಿಯಲ್ಲಿ ಕೂತು, ನನ್ನ ಹತ್ರ ಯಾವ ಕ್ರಿಪ್ಟೊನೂ ಇಲ್ಲ, ಮುಂದೆಯೂ ಇರಲ್ಲ ಅಂದುಬಿಟ್ಟರು. ಮುದುಕರು ಉಂಡ ಮನೆಯ ಮುಲಾಜಿಗೂ ಬೀಳಲಿಲ್ಲ.

2021ರ ಜೂನ್‌ನಲ್ಲಿ ಬ್ಲೂ ಒರಿಜಿನ್ ರಾಕೆಟ್ಟಿನ ಒಂದು ಸೀಟನ್ನು 2.8 ಕೋಟಿ ಡಾಲರಿಗೆ ಕೊಂಡ, ಆದರೆ ಸಮಯ ಹೊಂದಲಿಲ್ಲ ಅಂತ ಹೋಗಲಿಲ್ಲ. ಕೊಂಡವನು ತಾನೇ ಅಂತ ಹೇಳಿಕೊಂಡದ್ದು ಆ ಡಿಸೆಂಬರಿನಲ್ಲಿ, ನಿಜವಾಗಿ ಹಾರಿದ್ದು 2025ರ ಆಗಸ್ಟ್ 3ಕ್ಕೆ. ಹತ್ತು ನಿಮಿಷದ ಪ್ರಯಾಣ. ಅದೇ 2021ರಲ್ಲಿ ಜಾಕೊಮೆಟ್ಟಿಯ ಒಂದು ಶಿಲ್ಪಕ್ಕೆ 7.84 ಕೋಟಿ ಡಾಲರ್.

ದುಡ್ಡನ್ನು ಜನರೆದುರು ನುಂಗಿ ತೋರಿಸೋದು ಹಳೇ ಆಟ. ಕ್ಲಿಯೋಪಾತ್ರ ಒಂದೇ ಊಟಕ್ಕೆ ಒಂದು ಕೋಟಿ ನಾಣ್ಯ ಖರ್ಚು ಮಾಡ್ತೀನಿ ಅಂತ ಆಂಟನಿ ಜೊತೆ ಪಂಥ ಕಟ್ಟಿ, ಕಿವಿಯ ಮುತ್ತನ್ನು ಹುಳಿಯಲ್ಲಿ ಕರಗಿಸಿ ಕುಡಿದಳು ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ಅದು ಕಥೆಯೇ ಇರಬಹುದು. ಆದರೆ ಸನ್ ಹಣ್ಣು ತಿಂದಾಗ ನನಗೆ ನೆನಪಾಗಿದ್ದು ಕಥೆ ಅಲ್ಲ, ಅದೇ ನ್ಯೂಯಾರ್ಕಿನಲ್ಲಿ 1897ರಲ್ಲಿ ನಡೆದ ಒಂದು ಪಾರ್ಟಿ.

1893ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು, ರೈಲು ಕಂಪನಿಗಳು ಸಾಲುಸಾಲಾಗಿ ಮುಳುಗಿದ್ದವು. ನಾಲ್ಕು ವರ್ಷವಾದರೂ ಕೆಲಸವಿಲ್ಲದವರು ಬೀದಿಯಲ್ಲೇ. ಆ ಚಳಿಗಾಲದಲ್ಲಿ ಬ್ರಾಡ್ಲಿ ಮಾರ್ಟಿನ್ ಅನ್ನೋ ಶ್ರೀಮಂತ ದಂಪತಿ ಒಂದು ವೇಷಭೂಷಣದ ನೃತ್ಯಕೂಟ ಇಟ್ಟುಕೊಂಡರು. ಹೆಂಡತಿ ಕಾರ್ನೀಲಿಯಾ ಕೊಟ್ಟ ಸಮರ್ಥನೆ ಕೇಳಿ: ಆಮಂತ್ರಣ ತಡವಾಗಿ ಕಳಿಸಿದರೆ ಅತಿಥಿಗಳಿಗೆ ಪ್ಯಾರಿಸ್ಸಿನಿಂದ ಬಟ್ಟೆ ತರಿಸೋಕೆ ಪುರುಸೊತ್ತು ಇರಲ್ಲ, ಎಲ್ಲವನ್ನೂ ಊರಲ್ಲೇ ಹೊಲಿಸ್ತಾರೆ, ದರ್ಜಿಗಳಿಗೆ, ಹೂವಿನವರಿಗೆ ಕೆಲಸ ಸಿಗುತ್ತೆ! ಈಗಲೂ ಕೋಟಿಗಟ್ಟಲೆ ಮದುವೆ ಮಾಡಿದವರ ಪರವಾಗಿ ಇದೇ ವಾದ ಬರುತ್ತಲ್ಲ. ಪೂರ್ತಿ ಸುಳ್ಳು ಅಂತಲೂ ಹೇಳೋಕಾಗಲ್ಲ, ದರ್ಜಿಗೆ ಕೂಲಿ ಸಿಕ್ಕಿದ್ದಂತೂ ನಿಜವೇ.

ಫೆಬ್ರವರಿ 10ರ ರಾತ್ರಿ ವಾಲ್ಡಾರ್ಫ್ ಹೋಟೆಲಿನ ಒಳಗೆ ಫ್ರಾನ್ಸಿನ ವರ್ಸೈ ಅರಮನೆ ಎದ್ದು ನಿಂತಿತ್ತು. ಮನೆಯೊಡತಿ ಸ್ಕಾಟ್‌ಲೆಂಡಿನ ರಾಣಿ ಮೇರಿಯ ವೇಷ, ಗಂಡ ಹದಿನೈದನೇ ಲೂಯಿ. ಒಬ್ಬ ಬ್ಯಾಂಕರ್ ಚಿನ್ನದ ಕೆತ್ತನೆಯ ಉಕ್ಕಿನ ಕವಚ ತೊಟ್ಟು ಬಂದಿದ್ದ. ಒಟ್ಟು ಖರ್ಚು ಸುಮಾರು 3,69,000 ಡಾಲರ್ ಅಂತ ಹೇಳ್ತಾರೆ. ಪಾದ್ರಿಗಳು ಚರ್ಚಿನಲ್ಲಿ ಖಂಡಿಸಿದರು, ಪತ್ರಿಕೆಗಳು ವಾರಗಟ್ಟಲೆ ಕುಟ್ಟಿದವು. ಕಲ್ಲು ಬಿದ್ದೀತು ಅಂತ ಹೋಟೆಲಿನ ಕೆಳಗಿನ ಕಿಟಕಿಗಳಿಗೆ ಹಲಗೆ ಹೊಡೆಸಿದರು. ಹೊರಗೆ ಪೊಲೀಸ್ ಬಂದೋಬಸ್ತು, ಅದರ ಉಸ್ತುವಾರಿ ಆಗ ಪೊಲೀಸ್ ಕಮಿಷನರ್ ಆಗಿದ್ದ, ಮುಂದೆ ಅಧ್ಯಕ್ಷನಾದ ಥಿಯೋಡರ್ ರೂಸ್‌ವೆಲ್ಟ್‌ನದು. ಪಾರ್ಟಿ ಮುಗಿದ ಮೇಲೂ ಜನರ ಸಿಟ್ಟು ಇಳಿಯಲಿಲ್ಲ. ಇಷ್ಟು ಖರ್ಚು ಮಾಡಿದವರು ಇನ್ನೂ ತೆರಿಗೆ ಕಟ್ಟಲಿ ಅಂತ ನಗರದವರು ತೆರಿಗೆ ಏರಿಸಿದರು. ದಂಪತಿ ಬೇಸತ್ತು ಇಂಗ್ಲೆಂಡಿಗೆ ಹೋಗಿ ನೆಲೆಸಿದರು. ಎರಡು ವರ್ಷದ ನಂತರ, 1899ರಲ್ಲಿ, ಥಾರ್ಸ್ಟೀನ್ ವೆಬ್ಲೆನ್ ಪುಸ್ತಕ ಬರೆದು ಇಂಥ ತೋರಿಕೆಯ ಖರ್ಚಿಗೆ ಒಂದು ಹೆಸರು ಕೊಟ್ಟ.

ಈಗ ಸನ್ ಕಡೆ ನೋಡಿ. ಹಲಗೆ ಹೊಡೆಸಿದರಾ? ಊರು ಬಿಟ್ಟನಾ? ಬೈದವರು ಬೈದರು, ನಕ್ಕವರು ನಕ್ಕರು. ಆದರೆ ಒಂದು ದೊಡ್ಡ ಗುಂಪು ಚಪ್ಪಾಳೆ ಹೊಡೀತು. ನನ್ನ ಸಹೋದ್ಯೋಗಿಯೊಬ್ಬ ಊಟದ ಟೇಬಲ್ಲಿನಲ್ಲಿ ಹೇಳಿದ್ದು: 'ಮಚ್ಚಾ, ಇಷ್ಟು ಕಡಿಮೆ ಬಜೆಟ್ಟಲ್ಲಿ ಇಷ್ಟು ದೊಡ್ಡ ಜಾಹೀರಾತು ಯಾರು ಮಾಡಿದ್ದಾರೆ ತೋರ್ಸು!' ಅವನ ಹತ್ರ ಟ್ರಾನ್ ನಾಣ್ಯ ಇತ್ತು. 1897ರಲ್ಲಿ ಹೊರಗೆ ಚಳಿಯಲ್ಲಿ ನಿಂತವನಿಗೆ ಒಳಗಿನ ಪಾರ್ಟಿಯಲ್ಲಿ ಪಾಲಿರಲಿಲ್ಲ. ಇಲ್ಲಿ ಹೊರಗೆ ನಿಂತವನ ಜೇಬಿನಲ್ಲಿ ಪಾರ್ಟಿಯ ಟೋಕನ್ ಇದೆ. ಒಳಗಿನವನು ಎಷ್ಟು ಕುಣಿದರೆ ಇವನ ಟೋಕನ್ನಿಗೆ ಅಷ್ಟು ಬೆಲೆ. ಬೈಯೋದು ಹೇಗೆ?

ಇದನ್ನು ಮೇಲೆ ನಿಂತು ಹೇಳ್ತಿಲ್ಲ. 2018ರ ಜನವರಿ ಮೊದಲ ವಾರ ನಾನೂ ಒಂದು ನಾಣ್ಯಕ್ಕೆ 45,000 ರೂಪಾಯಿ ಹಾಕಿದ್ದೆ. ಸನ್‌ನ ನಾಣ್ಯ ಅಲ್ಲ, ಹೆಸರು ಬೇಡ, ತಪ್ಪು ನನ್ನದೇ. ಆ ನಾಣ್ಯ ಮಾಡಿದವನು ಕಾರಿನ ಮುಂದೆ ನಿಂತ ಫೋಟೊ ಹಾಕಿದಾಗಲೆಲ್ಲ 'ಹೌದು, ಮೇಲೆ ಹೋಗುತ್ತೆ' ಅಂತ ಧೈರ್ಯ ಬರ್ತಿತ್ತು. ಅವನ ಕಾರು ನನ್ನ ಭರವಸೆಯಾಗಿತ್ತು. ಅವನು ಕಾರು ಕೊಂಡಿದ್ದು ನನ್ನಂಥವರ 45,000ದಿಂದ ಅಂತ ಹೊಳೆಯೋಕೆ, ಹಗಲೆಲ್ಲಾ ಲಾಜಿಕ್ ಬರೆಯೋ ಈ ತಲೆಗೆ ನಾಲ್ಕು ತಿಂಗಳು ಬೇಕಾಯ್ತು. ಏಪ್ರಿಲ್ 6ಕ್ಕೆ ಕ್ರಿಪ್ಟೊದವರ ಜೊತೆ ವ್ಯವಹರಿಸಬಾರದು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು, ಆದರೆ ಅಲ್ಲಿವರೆಗೆ ಕಾಯೋ ಗುಂಡಿಗೆ ನನಗಿರಲಿಲ್ಲ. ಗಾಬರಿಯಲ್ಲಿ ಮಾರಿ ಹೊರಗೆ ಬಂದಾಗ ಕೈಗೆ ಸಿಕ್ಕಿದ್ದು ಆರು ಸಾವಿರ ಚಿಲ್ಲರೆ. ಆ ದುಡ್ಡು ಬೋರ್‌ವೆಲ್ಲಿನ ಮೋಟಾರಿಗೆ ಅಂತ ಅಪ್ಪ ಕೇಳಿದ್ದ ದುಡ್ಡು. 'ಸಂಬಳ ತಡ ಆಯ್ತು ಅಪ್ಪ' ಅಂದಿದ್ದೆ. ಆ ಬೇಸಿಗೆ ಅವರು ಪಕ್ಕದ ತೋಟದವರ ನೀರು ಕೇಳಿಕೊಂಡು ಕಳೆದರು.

ಟ್ರಾನ್ ಬರೀ ಗಾಳಿ ಅಂತಲೂ ನಾನು ಹೇಳಲ್ಲ. ಡಾಲರಿಗೆ ಕಟ್ಟಿದ ಟೆದರ್ ನಾಣ್ಯವನ್ನು ಕಡಿಮೆ ಖರ್ಚಿನಲ್ಲಿ ಕಳಿಸೋಕೆ ಎಷ್ಟೋ ದೇಶದವರು ಅದೇ ಜಾಲ ಬಳಸ್ತಾರೆ. ಅತ್ತ 2023ರ ಮಾರ್ಚ್‌ನಲ್ಲಿ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ ಎಸ್‌ಇಸಿ, ಕೃತಕ ಕೊಡುಕೊಳ್ಳುವಿಕೆಯಿಂದ ವಹಿವಾಟು ಉಬ್ಬಿಸಿದ ಅಂತ ಸನ್ ಮೇಲೆ ದಾವೆ ಹೂಡಿತು. ಆತ ಆರೋಪ ಒಪ್ಪಲಿಲ್ಲ. 2024ರ ನವೆಂಬರಿನಲ್ಲಿ, ಬಾಳೆಹಣ್ಣು ತಿಂದ ಅದೇ ವಾರ, ಟ್ರಂಪ್ ಕುಟುಂಬದ ಕ್ರಿಪ್ಟೊ ಯೋಜನೆಗೆ 3 ಕೋಟಿ ಡಾಲರ್ ಹಾಕಿದ್ದಾಗಿ ಪ್ರಕಟಿಸಿದ. 2025ರ ಫೆಬ್ರವರಿಯಲ್ಲಿ ಎರಡೂ ಕಡೆಯವರು ಸೇರಿ ಕೇಸಿಗೆ ತಡೆ ಕೇಳಿದರು. ಹಣ್ಣು ಎಲ್ಲರಿಗೂ ನೆನಪಿದೆ, ಇದು ಎಷ್ಟು ಜನಕ್ಕೆ ನೆನಪಿದೆ?

ಇನ್ನು ಅಪ್ಪನ ಎರಡನೇ ಪ್ರಶ್ನೆ. ಹರಾಜಿನ ದಿನ ಆ ಹಣ್ಣನ್ನು ತಂದದ್ದು ಸದಬೀಸ್ ಕಟ್ಟಡದ ಹೊರಗಿನ ತಳ್ಳುಗಾಡಿಯಂಥ ಹಣ್ಣಿನಂಗಡಿಯಿಂದ. ಬೆಲೆ 35 ಸೆಂಟ್, ನಮ್ಮ ಲೆಕ್ಕದಲ್ಲಿ 30 ರೂಪಾಯಿ. ಮಾರಿದವರು ಬಾಂಗ್ಲಾದೇಶದ 74 ವರ್ಷದ ಹಿರಿಯರು. ಢಾಕಾದಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು, ಹೆಂಡತಿ ಇಲ್ಲ, ಬ್ರಾಂಕ್ಸ್‌ನ ಒಂದು ನೆಲಮಾಳಿಗೆಯಲ್ಲಿ ಇನ್ನೈದು ಜನರ ಜೊತೆ ವಾಸ. ಅಂಗಡಿಯೂ ಅವರದಲ್ಲ. ಗಂಟೆಗೆ 12 ಡಾಲರ್ ಸಂಬಳ, ದಿನಕ್ಕೆ 12 ಗಂಟೆ, ವಾರಕ್ಕೆ ನಾಲ್ಕು ದಿನ. ಕೆಲವು ದಿನ ಆದ ಮೇಲೆ ನ್ಯೂಯಾರ್ಕ್ ಟೈಮ್ಸ್ ವರದಿಗಾರ್ತಿ ಹೋಗಿ ನೀವು ಮಾರಿದ ಹಣ್ಣು ಇಷ್ಟಕ್ಕೆ ಹೋಯ್ತು ಅಂದಾಗ ಅವರು ಅತ್ತುಬಿಟ್ಟರಂತೆ. ನಾನು ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಆ ಸಂಬಳದಲ್ಲಿ 62.4 ಲಕ್ಷ ಡಾಲರ್ ದುಡಿಯೋಕೆ 208 ವರ್ಷ ಬೇಕು. ಟಿಪ್ಪು ತೀರಿಕೊಂಡ ಹದಿನೇಳು ವರ್ಷಕ್ಕೆ ಕೆಲಸಕ್ಕೆ ಸೇರಿದ್ದರೆ 2024ಕ್ಕೆ ಮುಗೀತಿತ್ತು. ಊಟ, ಬಾಡಿಗೆ ಏನೂ ಇಲ್ಲದೆ.

ಆ ವರದಿ ಓದಿದ ಜನ ಅವರಿಗಾಗಿ ದುಡ್ಡು ಕೂಡಿಸಿದರು. ಸನ್ ಕೂಡ ಒಂದು ಘೋಷಣೆ ಮಾಡಿದ: ಅವರ ಅಂಗಡಿಯಿಂದಲೇ ಒಂದು ಲಕ್ಷ ಬಾಳೆಹಣ್ಣು ಕೊಂಡು ಜಗತ್ತಿಗೆಲ್ಲ ಹಂಚ್ತೀನಿ. ನಾಲ್ಕಕ್ಕೆ ಒಂದು ಡಾಲರ್ ಲೆಕ್ಕದಲ್ಲಿ 25,000 ಡಾಲರ್. ಆದರೆ ಮಂಡಿಯಿಂದ ಅಷ್ಟು ಹಣ್ಣು ತರಿಸಿ ಸಾಗಿಸೋದು ಸುಲಭವಲ್ಲ, ತರಿಸಿದರೂ ಉಳಿಯೋದು ಸುಮಾರು 6,000 ಡಾಲರ್, ಅದೂ ಹೋಗೋದು ಅಂಗಡಿ ಮಾಲೀಕರಿಗೆ. ಸಂಬಳದ ಮೇಲೆ ನಿಂತ ಆ ಹಿರಿಯರಿಗೆ ಲೆಕ್ಕದ ಪ್ರಕಾರ ಏನೂ ಬರಲ್ಲ. ಮಾಲೀಕರು ಬಂದ ಲಾಭವನ್ನು ಕೆಲಸದವರ ಜೊತೆ ಹಂಚಿಕೊಳ್ತೀನಿ ಅಂದಿದ್ದರು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಮೋಟಾರಿನ ವಿಷಯ ಆವತ್ತೂ ಹೇಳಲಿಲ್ಲ. ಅವರು ಅಡಿಕೆ ಅಗಿಯೋದು ನಿಲ್ಲಿಸಿ ಬೆರಳು ಮಡಚಿ ಎಣಿಸತೊಡಗಿದರು.

'ಲಕ್ಷ ಹಣ್ಣು ಅಂದ್ರೆ, ಗೊನೆಗೆ ನೂರು ಕಾಯಿ ಅಂತ ಹಿಡ್ಕೊ, ಸಾವಿರ ಗೊನೆ ಆಯ್ತು. ನಮ್ ತೋಟದ್ದು ಪೂರ್ತಿ ಕಡಿದ್ರೂ ಸರಿಹೋಗ್ತದೆ.' ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ಲಾರಿ ಬಾಡಿಗೆ ಅವ್ನೇ ಕೊಡ್ತಾನಂತಾ?'