ಕನ್ನಡ ಇ-ಪುಸ್ತಕ: ಪುಟ ಉಳಿಯಿತು, ಅಕ್ಷರ?

ಒಮಾನಿನ ಶರ್ಕಿಯಾ ಭಾಗದ ಒಳನಾಡಾದ ಇಬ್ರಾದಲ್ಲಿ ನೆಲೆಸಿರುವ ನಮ್ಮಂಥವರಿಗೆ ಕನ್ನಡ ಪುಸ್ತಕವೆಂದರೆ, ರಜೆ ಮುಗಿಸಿ ಊರಿನಿಂದ ಮರಳುವಾಗ ವಿಮಾನದ ತೂಕದ ಮಿತಿಯೊಳಗೆ ಹಿಡಿಸಿದಷ್ಟೇ. ಉಳಿದ ಓದೆಲ್ಲ ಮೊಬೈಲಿನ ಮೇಲೆ. ಆದುದರಿಂದ ಇ-ಪುಸ್ತಕವನ್ನು ಯಾವ ಕಡತರೂಪದಲ್ಲಿ ಹೊರತರಬೇಕೆಂಬ ಪ್ರಶ್ನೆಯನ್ನು ನಾವು ಮುದ್ರಕರಿಗೇ ಬಿಟ್ಟುಕೊಡಲಾರೆವು. ಆ ಪ್ರಶ್ನೆಗೆ ಒಂದು ಚರಿತ್ರೆಯೂ ಇದೆ.

1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ಮನೆಯ ಕಂಪ್ಯೂಟರುಗಳಲ್ಲಿ ಅದನ್ನು ಸರಿಯಾಗಿ ಮೂಡಿಸುವ ಸೌಲಭ್ಯ ಬಂದುದು ಸುಮಾರು ಹತ್ತು ವರ್ಷಗಳ ನಂತರ, ‘ತುಂಗಾ’ ಅಕ್ಷರಶೈಲಿಯೊಡನೆ ವಿಂಡೋಸ್ ಎಕ್ಸ್‌ಪಿ ಬಂದಾಗ. ಈ ನಡುವಿನ ಅವಧಿಯ ಕೊರತೆಯನ್ನು ತುಂಬಿದ್ದು 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’. ಇವಿಲ್ಲದಿದ್ದರೆ ಕನ್ನಡ ಕಚೇರಿಯ ಕಂಪ್ಯೂಟರನ್ನು ಅಷ್ಟು ಬೇಗ ಪ್ರವೇಶಿಸುತ್ತಿರಲಿಲ್ಲ. ಆದರೆ ಆ ಕಾಲದ ವಿಧಾನಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅಂದಿನ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ನುಡಿಯ ಹಳೆಯ ಕಡತದಲ್ಲಿ ‘ಕ’ ಎಂದರೆ ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೊಂದು ಗೀಟಿರುವ ‘ಎ’. ‘ನ’ ಆರಂಭವಾಗುವುದು ಬ್ರಿಟಿಷ್ ಪೌಂಡಿನ ಚಿಹ್ನೆಯಿಂದ! ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ‘ಕನ್ನಡ’ ಎಂಬುದು ಕನ್ನಡವೇ ಅಲ್ಲ.

ಈ ತೊಡಕನ್ನು ಮುಚ್ಚಿಟ್ಟದ್ದು ಪಿಡಿಎಫ್. 1993ರಲ್ಲಿ ಅಡೋಬಿ ಸಂಸ್ಥೆ ತಂದ ಈ ರೂಪ ಅಕ್ಷರಶೈಲಿಯನ್ನೂ ಕಡತದೊಳಗೇ ಹುದುಗಿಸಿ, ಅಚ್ಚಿನ ಪುಟವನ್ನು ಇದ್ದಂತೆಯೇ ತೋರಿಸುತ್ತದೆ. ಪ್ರಕಾಶಕರು ನೆಮ್ಮದಿಯಿಂದ ಅದನ್ನೇ ಇ-ಪುಸ್ತಕವೆಂದರು. ಪುಟವೇನೋ ಸುಂದರ, ಆದರೆ ಅದರಲ್ಲಿ ಒಂದು ಪದವನ್ನು ಹುಡುಕಿದರೆ ಸಿಗದು, ನಕಲಿಸಿದರೆ ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡ್‌ನಲ್ಲೇ ಸಿದ್ಧಪಡಿಸಿದ ಪಿಡಿಎಫ್‌ನಲ್ಲಿಯೂ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನಪಲ್ಲಟಗೊಳ್ಳುವುದುಂಟು. ಮೊಬೈಲಿನಲ್ಲಿ ಅಕ್ಷರ ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಎಡಬಲ ಸರಿಸಬೇಕು. ಕಣ್ಣು ಮಂಜಾದ ಹಿರಿಯರು ಎರಡನೆಯ ಪುಟಕ್ಕೇ ಬೇಸರಿಸುತ್ತಾರೆ.

2007ರಲ್ಲಿ ಬಂದ ಇ-ಪಬ್ ಮೂಲತಃ ಜಾಲಪುಟದ ರಚನೆಯದು. ಪರದೆಯ ಅಗಲಕ್ಕೆ ತಕ್ಕಂತೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ, ಓದಿ ಹೇಳುವ ತಂತ್ರಾಂಶಕ್ಕೂ ಪಠ್ಯ ದಕ್ಕುತ್ತದೆ. ಆದರೆ ಅದಕ್ಕೆ ನಿಜವಾದ ಅಕ್ಷರ ಬೇಕು. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಕರಡು ತಿದ್ದುವ ಶ್ರಮಕ್ಕೆ ಹಿಂಜರಿದವರು ಬಹಳ. ಅತ್ತ 2016ರ ಡಿಸೆಂಬರಿನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ಆರಂಭಿಸಿದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ.

ಪಿಡಿಎಫ್ ಬೇಡವೆಂದು ನಾವು ಹೇಳುತ್ತಿಲ್ಲ. ಶಾಸನಗಳ ಪಡಿಯಚ್ಚು, ಹಳೆಯ ಗ್ರಂಥಗಳ ಸ್ಕ್ಯಾನು, ಚಿತ್ರಪುಸ್ತಕ ಇವುಗಳಿಗೆ ಅದೇ ತಕ್ಕುದು. ಕಥೆ, ಕಾದಂಬರಿ, ಪ್ರಬಂಧಗಳಿಗೆ ಮಾತ್ರ ಇ-ಪಬ್ ಇರಲೇಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿ ಎರಡೂ ಒಟ್ಟಿಗಿವೆ: ಒಂದು ಪಕ್ಕ ಸ್ಕ್ಯಾನಾದ ಪುಟ, ಇನ್ನೊಂದು ಪಕ್ಕ ಸ್ವಯಂಸೇವಕರು ತಿದ್ದಿದ ಯೂನಿಕೋಡ್ ಪಠ್ಯ. ಅಲ್ಲಿಂದ ಕೃತಿಯನ್ನು ಇ-ಪಬ್ ಆಗಿ ಇಳಿಸಿಕೊಳ್ಳಬಹುದು. ಕರಡು ತಿದ್ದುವ ಕೆಲಸವನ್ನು ಇಬ್ರಾದಲ್ಲಿ ಕುಳಿತೂ ಮಾಡಬಹುದು.