ಕತ್ತಿ ಹಿಡಿದು ಪೇಟೆಗೆ ಬಂದರೆ ಕೇಸಾ? ಯಾರಿಗೆ ವಿನಾಯಿತಿ, ಯಾವಾಗ ಇಲ್ಲ? ಇಲ್ಲಿದೆ ವಿವರ

ಪುತ್ತೂರು: ಪುತ್ತೂರು, ಸುಳ್ಯ, ಕಡಬದಲ್ಲಿ ಕತ್ತಿ ಇಲ್ಲದ ಮನೆ ಸಿಗುವುದು ಕಷ್ಟ. ತೋಟಕ್ಕೆ ಹೋಗುವವರ ಸೊಂಟದಲ್ಲಿ ಕತ್ತಿ, ರಬ್ಬರ್ ಕೆಲಸದವರ ಚೀಲದಲ್ಲಿ ಟ್ಯಾಪಿಂಗ್ ಕತ್ತಿ, ಬೊಂಡದ ಅಂಗಡಿಯಲ್ಲಿ ಕತ್ತಿ, ದೈವಸ್ಥಾನದಲ್ಲಿ ಕಡ್ಸಲೆ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ಇದರಲ್ಲಿ ಯಾವುದು ಆಯುಧ, ಯಾವುದು ಅಲ್ಲ?

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಹರಿತವಾದ ಆಯುಧಗಳೂ 'ಶಸ್ತ್ರ'ವೇ. ಆದರೆ ಮನೆ ಬಳಕೆಗೆ, ಕೃಷಿಗೆ ಮಾತ್ರ ಮಾಡಿದ ವಸ್ತುಗಳನ್ನು ಕಾಯ್ದೆ ಹೊರಗಿಟ್ಟಿದೆ. 2016ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಶಸ್ತ್ರದ ಪಟ್ಟಿಗೆ ಸೇರಿಸಿವೆ. ಇಲ್ಲೂ ಮನೆ, ಕೃಷಿ, ಕೈಗಾರಿಕೆಯ ಉಪಕರಣಗಳಿಗೆ ವಿನಾಯಿತಿ ಇದೆ.

ಧರ್ಮದ ವಿನಾಯಿತಿ ಯಾರಿಗೆ?

ಸಂವಿಧಾನವೇ ಹೆಸರು ಹೇಳಿ ಕೊಟ್ಟಿರುವುದು ಒಂದಕ್ಕೆ ಮಾತ್ರ. ಸಿಖ್ಖರು ಕಿರ್ಪಾಣ ಧರಿಸುವುದು ಅವರ ಧರ್ಮಾಚರಣೆಯ ಭಾಗ ಎಂದು 25ನೇ ವಿಧಿಯ ವಿವರಣೆಯಲ್ಲಿದೆ. ಅದಕ್ಕೂ ಅಳತೆ ಉಂಟು. ದೇಶದೊಳಗಿನ ವಿಮಾನದಲ್ಲಿ ಒಟ್ಟು 9 ಇಂಚು, ಅಲಗು 6 ಇಂಚು ಮೀರುವಂತಿಲ್ಲ. ಕಡ್ಸಲೆಗೆ ಇಂತಹ ಉಲ್ಲೇಖ ಸಂವಿಧಾನದಲ್ಲಿಲ್ಲ.

ಸಂಪಾಜೆ ದಾಟಿದರೆ?

ಪಕ್ಕದ ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಇದು ಧರ್ಮದ್ದಲ್ಲ, ಸಮುದಾಯ ಮತ್ತು ಭೂ ಹಿಡುವಳಿಯದ್ದು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಹೈಕೋರ್ಟ್ 2021ರಲ್ಲಿ ಎತ್ತಿ ಹಿಡಿಯಿತು. ಸುಳ್ಯದ ಕೃಷಿಕರ ಬೆಳೆ ರಕ್ಷಣೆ ಕೋವಿಗೆ ಮಾತ್ರ ಲೈಸೆನ್ಸ್ ಬೇಕೇ ಬೇಕು.

ನಿಷೇಧಾಜ್ಞೆ ಇದ್ದಾಗ?

ಜನ ಎಡವುವುದು ಇಲ್ಲೇ. ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಸೆಕ್ಷನ್ ಅಡಿ ಜಿಲ್ಲಾಧಿಕಾರಿ ಕತ್ತಿ, ದೊಣ್ಣೆ, ಲಾಠಿ ಒಯ್ಯುವುದನ್ನೇ ನಿಷೇಧಿಸಬಹುದು. ಹಿಂದಿನ 144 ಈಗ ಬಿಎನ್‌ಎಸ್‌ಎಸ್ 163 ಆಗಿದೆ. ಇದರಡಿ ಪುತ್ತೂರು ಸಹಾಯಕ ಆಯುಕ್ತರೂ ಆದೇಶ ಮಾಡಬಹುದು. 2022ರ ಜುಲೈಯಲ್ಲಿ ಬೆಳ್ಳಾರೆಯ ಹತ್ಯೆ ಬಳಿಕ ಮೂರೂ ತಾಲೂಕಿನಲ್ಲಿ ನಿಷೇಧಾಜ್ಞೆ ಬಂದದ್ದು ಎಲ್ಲರಿಗೂ ನೆನಪಿದೆ.

ಇಂತಹ ದಿನ 'ಇದು ತೋಟದ ಕತ್ತಿ' ಎಂದರೆ ಮಾತ್ರ ಸಾಲದು, ಆದೇಶದಲ್ಲಿ ಯಾರಿಗೆ ವಿನಾಯಿತಿ ಬರೆದಿದೆ ಎಂಬುದೇ ಮುಖ್ಯ. ಚುನಾವಣೆ ವೇಳೆಯೂ ಹಾಗೇ. ಸಂಪ್ರದಾಯದಿಂದ ಆಯುಧ ಹಿಡಿಯುವ ಹಕ್ಕಿರುವ ಸಮುದಾಯಗಳಿಗೆ ಚುನಾವಣಾ ಆಯೋಗ ವಿನಾಯಿತಿ ಕೊಟ್ಟಿದೆ. ಆದರೆ ಗಲಾಟೆ ಮಾಡಿದರೆ ಅವರ ಆಯುಧವನ್ನೂ ವಶಪಡಿಸಬಹುದು ಎಂದೂ ಹೇಳಿದೆ.

ಪೊಲೀಸರಿಗೆ ಕಷ್ಟ ಎಲ್ಲಿ?

ಒಂದೇ ಕತ್ತಿ ಬೆಳಿಗ್ಗೆ ತೋಟದ ದಾರಿಯಲ್ಲಿ ಉಪಕರಣ, ರಾತ್ರಿ ಹನ್ನೊಂದಕ್ಕೆ ಬೈಕಿನ ಸೀಟಿನಡಿ ಸಿಕ್ಕರೆ ಸಂಶಯ. ನಾಕಾದಲ್ಲಿ ನಿಂತ ಪೇದೆ ಹೊತ್ತು, ಜಾಗ, ಉದ್ದೇಶ ಮೂರನ್ನೂ ನೋಡಿ ಅಲ್ಲೇ ತೀರ್ಮಾನಿಸಬೇಕು. ಮುಖ ನೋಡಿ, ಹೆಸರು ಕೇಳಿ ತೀರ್ಮಾನಿಸಿದರೆ ಅನ್ಯಾಯ. ಯಾರನ್ನೂ ಕೇಳದೆ ಬಿಟ್ಟರೆ ಅಪಾಯ.

ನೆನಪಿರಲಿ

* ಕತ್ತಿ ಒಯ್ಯುವಾಗ ಗೋಣಿಯಲ್ಲಿ ಸುತ್ತಿ, ಹೊಸತಾದರೆ ಅಂಗಡಿ ಬಿಲ್ ಇಟ್ಟುಕೊಳ್ಳಿ. ಅಂಗಡಿಯವರೂ ಬಿಲ್ ಕೊಡಿ.
* ನಿಷೇಧಾಜ್ಞೆ ದಿನ ನೇಮ, ಭಂಡಾರ ಇದ್ದರೆ ಸಮಿತಿಯವರು ಮೊದಲೇ ಠಾಣೆಗೆ ತಿಳಿಸಿ, ಲಿಖಿತ ಅನುಮತಿ ಪಡೆಯಿರಿ.
* ವಿನಾಯಿತಿ ಇರುವುದು ಹಿಡಿಯಲು ಮಾತ್ರ. ಬೆದರಿಸಿದರೆ ಬಿಎನ್‌ಎಸ್ 351, ಗಾಯ ಮಾಡಿದರೆ 118. ಅಲ್ಲಿ ಕೃಷಿ, ಧರ್ಮ ಯಾವುದೂ ನಡೆಯದು.