ಪ್ರಭಾವಳಿಯ ಗುಟ್ಟು

ಬಾಚಣಿಗೆಯನ್ನು ತಲೆಗೆ ತಿಕ್ಕಿ ಕಾಗದದ ಚೂರುಗಳನ್ನು ಕುಣಿಸದ ಮಕ್ಕಳುಂಟೆ? ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಈ ಆಟವೇ ಸಿರಿವಂತರ ಕೂಟಗಳ ಇಂದ್ರಜಾಲವಾಯಿತು.

ಬಣ್ಣಗಾರನ ಕಸುಬಿನಿಂದ ಬಂದ ಸ್ಟೀಫನ್ ಗ್ರೇ 1730ರಲ್ಲಿ ಲಂಡನ್ನಿನಲ್ಲಿ ಬಾಲಕನೊಬ್ಬನನ್ನು ನೆಲ ಸೋಕದಂತೆ ತೂಗುಹಾಕಿ, ಉಜ್ಜಿದ ಗಾಜಿನ ಕೊಳವೆಯನ್ನು ಅವನ ಪಾದದ ಬಳಿ ಹಿಡಿದನು. ಹಿತ್ತಾಳೆಯ ತೆಳುರೇಕುಗಳು ಹುಡುಗನ ಮುಖದತ್ತ ಹಾರಿದವು!

ಜರ್ಮನಿಯ ವಿಟೆನ್‌ಬರ್ಗಿನ ಪ್ರಾಧ್ಯಾಪಕ ಗಿಯೋರ್ಗ್ ಬೋಸೆ (ನಮ್ಮ ಜಗದೀಶಚಂದ್ರ ಬೋಸರಲ್ಲ) ಇನ್ನೂ ಮುಂದೆ ಹೋದನು. ಕತ್ತಲೆಯಲ್ಲಿ ಮನುಷ್ಯನ ತಲೆಯ ಸುತ್ತ ಸಂತರಂತೆ ಪ್ರಭಾವಳಿ ಮೂಡಿಸಿದೆನೆಂದು 1740ರ ದಶಕದಲ್ಲಿ ಸಾರಿದನು. ಲಂಡನ್ನಿನ ವಿಲಿಯಂ ವಾಟ್ಸನ್ ಎಷ್ಟು ಹೆಣಗಿದರೂ ಪ್ರಭೆ ಮೂಡಲೊಲ್ಲದು. ಕಡೆಗೆ ಪತ್ರ ಬರೆದು ವಿಚಾರಿಸಲು, ಬೋಸೆ ಗುಟ್ಟು ಬಿಟ್ಟನು: ತೊಡಿಸಿದ್ದು ಚೂಪು ಮೊನೆಗಳುಳ್ಳ ಲೋಹದ ಕವಚ. ಮೊನೆಯಿಂದ ವಿದ್ಯುತ್ತು ಗಾಳಿಗೆ ಸೋರುವಾಗ ಮಿನುಗುವ ಬೆಳಕೇ ಆ ಪ್ರಭಾವಳಿ.

ಮೊನೆಯ ಇದೇ ಗುಣವನ್ನು ಅಮೆರಿಕದಲ್ಲಿ ಅರಿತುಕೊಂಡ ಬೆಂಜಮಿನ್ ಫ್ರಾಂಕ್ಲಿನ್, ಮನೆಗಳನ್ನು ಸಿಡಿಲಿನಿಂದ ಕಾಯಲು ಚೂಪಾದ ಕಬ್ಬಿಣದ ಸಲಾಕೆಯನ್ನು ನಿಲ್ಲಿಸಬೇಕೆಂದು 1750ರಲ್ಲಿ ಸೂಚಿಸಿದನು. ಒಬ್ಬನು ಮೊನೆಯನ್ನು ಬಚ್ಚಿಟ್ಟು ಬೆರಗು ಹುಟ್ಟಿಸಿದನು; ಇನ್ನೊಬ್ಬನು ಅದನ್ನೇ ಸೂರಿನ ಮೇಲೆ ನಿಲ್ಲಿಸಿ ಅಭಯವಿತ್ತನು. ಬಚ್ಚಿಟ್ಟರೆ ಕಣ್ಕಟ್ಟು, ಬಿಚ್ಚಿಟ್ಟರೆ ವಿದ್ಯೆ.